ಹಿಂಡಿ, ಗುಂಡಿ

ಮುಂಜಾನೆ ಐದೂವರಿ. ಧಾರವಾಡದ ಗೌಳಿ ಗಲ್ಲಿ.
ತಂಬಿಗಿ ಹಿಡಕೊಂಡು ನಿಂತೀನಿ,
ಹಾಲಿಗಂತ ಬಂದಾಂವ.
ತಾನೂಬಾಯಿ ಇನ್ನೂ ಹಿಂಡವಲ್ಲಳು.

ಹೊಸಾ ಮಣಕ, ಚೊಚ್ಚಲ ಈದೈತಿ,
ಕೆಚ್ಚಲಕ್ಕ ಕೈ ತಂದ್ರ ಕಾಲು ಬೀಸತೈತಿ.
ನಿನ್ನೆ ಒಂದು ಬಕೀಟು ನೆಗ್ಗಿತು,
ಮೊನ್ನೆ ಆಕಿ ಮಗ ಸಖಾರಾಮನ ಮೊಣಕಾಲು.
"ಹಿಂಗಾಲಿಗೆ ಹಗ್ಗಾ ಬಿಗದು ನಾಕು ಬಿಡಬೇಕವ್ವಾ" ಅಂದೆ.
ಸಲಹಾ ಕೊಡಾಕ ರೊಕ್ಕಾ ಬೀಳೂದಿಲ್ಲಲಾ.

ಆಕಿ ನನ್ನ ಕಡೆ ನೋಡಲಿಲ್ಲ.
ಎಮ್ಮಿ ಬೆನ್ನ ಮ್ಯಾಲೆ ಅಂಗೈ ಇಟ್ಟಳು.
ಚರ್ಮ ನಡುಗಿತು. ಕಾಲು ಎತ್ತಲಿಲ್ಲ.
ಎತ್ತಲಿಲ್ಲ ಅನ್ನೂದರಾಗ
ಮೂತಿ ಮುಂದ ಒಂದು ಹಿಡಿ ಹತ್ತಿಕಾಳ ಹಿಂಡಿ.
ಮತ್ತ ಕೈ. ಹೊಟ್ಟಿ ಮ್ಯಾಲೆ. ತೊಡಿಗೆ.
ಈ ಸಲ ಒದೀತು.
ಬೈಲಿಲ್ಲ, ಬಡೀಲಿಲ್ಲ,
ಎದ್ದು ಹೋಗಿ ಸೆರಗಿಲೆ ಮುಖಾ ಒರಸಕೊಂಡಳು,
ಹಿಂಡಿ ಬುಟ್ಟಿ ತನ್ನ ಹಿಂದ.
ಪೆಟ್ಟೂ ಸಿಗಲಿಲ್ಲ, ಹಿಂಡಿಯೂ ಸಿಗಲಿಲ್ಲ,
ಎಮ್ಮಿ ವಿಚಾರಕ್ಕ ಬಿತ್ತು.

"ಜಲ್ದಿ ಕೊಡಬೇಕು ನೋಡ ಟೇಲರಾ," ಅಂದಳು,
"ಸುಮ್ಮ ನಿಂತ ಗಳಿಗಿಗೇ. ಆಮ್ಯಾಲೆ ಕೊಟ್ರ
ಯಾತಕ್ಕ ಕೊಟ್ಟಿ ಅಂತ ಅದಕ್ಕರೆ ಹ್ಯಾಂಗ ತಿಳೀಬೇಕು?"

ನನ್ನ ಮಗ ಪುಂಡಲೀಕ, ಮೂರನೇತ್ತೆ.
ಅಕ್ಷರದ ಕೆಳಗ ಬ್ಯಾರೇ ಅಕ್ಷರ ಕುಂತಿದ್ರ
ಅಂವನ ದಾರಿ ಅಲ್ಲಿಗೇ ಮುಗೀತು.
'ಅಕ್ಕ' ಓದತಾನ, 'ಅಪ್ಪ' ಓದತಾನ,
'ಕಷ್ಟ' ಬಂತಂದ್ರ ಮೊದಲ ನನ್ನ ಕೈ ನೋಡತಾನ,
ಕೈಯಾಗಿನ ಗಜಾ ನೋಡತಾನ,
ಆಮ್ಯಾಲೆ ಪುಸ್ತಕ.

ಆ ಗಜಾ ನನ್ನ ಉಸ್ತಾದಂದು.
ಹುಬ್ಬಳ್ಳಿ ದುರ್ಗದಬೈಲಿನಾಗ ಆರು ವರ್ಷ,
ಅದರ ಒಂದೊಂದು ಇಂಚೂ ನನ್ನ ಗೆಣ್ಣಿಗೆ ಗೊತ್ತು.
ಕಾಜಾ ಸೊಟ್ಟಾದ್ರ ಒಂದು, ದಾರಾ ಹರದ್ರ ಎರಡು.
ಒಮ್ಮೆ, ಒಂದೇ ಒಮ್ಮೆ, ನಾ ಹೊಲದ ಕಾಲರು ತಿರುವಿ ನೋಡಿ
"ಹೂಂ" ಅಂದಿದ್ದ ಆಂವ.
ಇಪ್ಪತ್ತೆರಡು ವರ್ಷಾತು.
ಪೆಟ್ಟು ಎಷ್ಟು ಬಿದ್ವೊ ಲೆಕ್ಕ ತಪ್ಪೈತಿ,
ಆ ಕಾಲರಿನ ಬಣ್ಣ ಇನ್ನೂ ಕಣ್ಣಾಗೈತಿ:
ತಿಳಿ ಹಸರು, ನಡುವ ಸಣ್ಣ ಬಿಳಿ ಗೀಟು.

ಗಜಾ ಮುರದು ಒಲಿಗೆ ಹಾಕಿದೆ ಅಂದ್ರ ನಂಬಬ್ಯಾಡ್ರಿ.
ಅದರ ಮ್ಯಾಲ ಮನಿ ನಡೀತೈತಿ.
ಮಶಿನ್ನಿನ ಆ ಕಡೆ ಇಟ್ಟೆ, ಅಷ್ಟ.
ಈ ಕಡೆ ಬಿಡಿ ಗುಂಡಿ ಡಬ್ಬಿ.
'ಕ... ಷ...' ತುಟಿ ಕಚ್ಚಿ ಕುಂತ.
ನಾನು ಸೂಜಿಗೆ ದಾರಾ ಪೋಣಿಸಿದಂಗ ಮಾಡಿದೆ.
'ಕಷ್. ಟ.'
ಟಕ್ಕಂತ ಅಂವನ ಮುಂದ ಒಂದು ಗುಂಡಿ.
ಬೆಚ್ಚಿಬಿದ್ದ.
ನನ್ನ ಕೈ ಮಾಡೂ ಸಪ್ಪಳಕ್ಕ ಬೆಚ್ಚೂದು ಅಂವಗ ರೂಢಿ.

ಹನ್ನೊಂದು ದಿನಕ್ಕ 'ರಾಷ್ಟ್ರ' ದಾಟಿದ.
ಚಡ್ಡಿ ಕಿಸೆ ಗಲಗಲ.
ನನಗೊಂದು ಹೊಸಾ ಹೆದರಿಕಿ:
ನಾಳೆ ಗುಂಡಿ ಇಲ್ಲಂದ್ರ ಓದೂದೂ ಇಲ್ಲ ಅಂದ್ರ?

ತಾನೂಬಾಯಿ ನಕ್ಕಳು. ಆಕಿ ಮೊಣಕಾಲಿನ ನಡುವ
ಬಕೀಟಿನಾಗ ಹಾಲು ಸುರ್ ಸುರ್ ಅಂತಿತ್ತು.
"ಈಗ ಇದರ ಮುಂದ ಹಿಂಡಿ ಎಲ್ಲೈತಿ ಹೇಳು?
ಒಮ್ಮೊಮ್ಮೆ ಒಂದು ಹಿಡಿ. ಉಳಿದದ್ದೆಲ್ಲಾ ಬೆನ್ನ ಮ್ಯಾಲಿನ ಕೈ.
ಇಷ್ಟು ದಿನಾ ಹಿಂಡಿ ಜೋಡಿ ಈ ಕೈನೂ ಬರತಿತ್ತಲಾ,
ಅದಕ್ಕೂ ರುಚಿ ಹತ್ತೈತಿ."

ನಿನ್ನೆ ಸಂಜಿಮುಂದ ಎಣ್ಣಿ ಡಬ್ಬಿ ಉಳ್ಳಿ
ಹೊಸಯಲ್ಲಾಪುರದವರ ಸಫಾರಿ ಬಟ್ಟಿ ಮ್ಯಾಲೆ ಬಿತ್ತು.
ಬೀಳಿಸಿದಾಂವ ಗ್ವಾಡಿಗೆ ಹತ್ತಿ ನಿಂತಿದ್ದ.
ನನ್ನ ಕೈ ಆ ಕಡೆ ಹೋತು. ಹೌದು, ಹೋತು.
ಅರ್ಧಾ ದಾರಿಗೆ ನಿಂತು
ಪೌಡರ್ ಡಬ್ಬಿ ತಗೊಂಡು ಬಂತು.
ಇಬ್ಬರೂ ಕೂಡಿ ಕಲಿ ಮ್ಯಾಲೆ ಪೌಡರ್ ಉದುರಿಸಿದಿವಿ.
ಮಾತಿಲ್ಲ.

ಮಲಗೂ ಮುಂದ ಮಶಿನ್ನಿಗೆ ಹೊದಿಕಿ ಹಾಕಾಕ ಹೋದೆ.
ಸೂಜಿ ಕೆಳಗ, ನಟ್ಟನಡುವ,
ಒಂದು ನೀಲಿ ಗುಂಡಿ. ನಾಕು ತೂತಿಂದು.
ಅಂವನ ಕಿಸೆದಾಗಿನ ಎಲ್ಲಾದರಾಗ ಚಂದಂದು.

ಗಳಿಗಿಗೆ ಕೊಟ್ಟಿದ್ದಿಲ್ಲ, ತಡಾ ಮಾಡಿದ್ದ.
ಆದರೂ ಯಾತಕ್ಕ ಅಂತ
ನನಗ ತಿಳೀತು.